ಗೆಟ್‌ಹೋಸ್ಟ್‌ಬೈನೇಮ್ ಬಿಟ್ಟು ಗೆಟ್‌ಅಡರ್‌ಇನ್ಫೊಗೆ: ಮೂರು ಸಲ ಬರುವ ವಿಳಾಸ, 5 ಸೆಕೆಂಡಿನ ತಡ, ಲೋಕಲ್‌ಹೋಸ್ಟ್ ಗೊಂದಲ

ಕಣಿವೆ_ಸಿ
ಸಿ ಭಾಷೆಯ ಹಳೆಯ ಟಿಸಿಪಿ ಕ್ಲೈಂಟ್ ಒಂದನ್ನು ಗೆಟ್‌ಹೋಸ್ಟ್‌ಬೈನೇಮ್‌ನಿಂದ ಗೆಟ್‌ಅಡರ್‌ಇನ್ಫೊಗೆ ಬದಲಿಸಬೇಕಿದೆ (ಎರಡೂ ಹೆಸರಿನಿಂದ ಐಪಿ ವಿಳಾಸ ಹುಡುಕುವ ಫಂಕ್ಷನ್‌ಗಳು). ಉಬುಂಟುವಿನಲ್ಲೂ ಕುಬರ್ನೆಟೀಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ಒಳಗಿನ ಆಲ್ಪೈನ್ ಲಿನಕ್ಸ್ ಕಂಟೇನರ್‌ನಲ್ಲೂ ಓಡಬೇಕು. ಬದಲಿಸಿದ ಮೇಲೆ ಕಾಣುತ್ತಿರುವುದು ಇಷ್ಟು. ಪಟ್ಟಿಯಲ್ಲಿ ಒಂದೇ ವಿಳಾಸ ಮೂರು ಸಲ ಬರುತ್ತದೆ. ಸರ್ವರ್ ಓಡುತ್ತಿದ್ದರೂ ಲೋಕಲ್‌ಹೋಸ್ಟ್‌ಗೆ (ಅಂದರೆ ಅದೇ ಯಂತ್ರಕ್ಕೆ) ಕನೆಕ್ಟ್ ಮಾಡಿದರೆ ನಿರಾಕರಣೆ ಬರುತ್ತದೆ. ಕೆಲವು ಸಲ ಹೆಸರು ಹುಡುಕಲು ಸರಿಯಾಗಿ 5 ಸೆಕೆಂಡು ಹಿಡಿಯುತ್ತದೆ, ಅದೇ ಹೆಸರಿಗೆ, ಡಿಎನ್‌ಎಸ್ (ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆ) ಅನ್ನು ಕೇಳುವ ಡಿಗ್ ಆಜ್ಞೆ ತಕ್ಷಣ ಉತ್ತರ ಕೊಡುತ್ತದೆ. ಕೋಡ್‌ನಲ್ಲಿ ಪಟ್ಟಿಯ ಮೊದಲ ವಿಳಾಸವನ್ನಷ್ಟೇ ಬಳಸಲಾಗುತ್ತಿದೆ. ಎಲ್ಲಿಂದ ನೋಡಬೇಕು?

ಬಳ್ಳಿನೆಟ್
ಕೊನೆಯ ವಾಕ್ಯದಿಂದಲೇ ಶುರು ಮಾಡಿ. "ಮೊದಲ ವಿಳಾಸವನ್ನಷ್ಟೇ" ಅಂದಿರಲ್ಲ, ನಿಮ್ಮ ಎರಡನೇ ತೊಂದರೆಯ ಬೇರು ಅಲ್ಲೇ ಇದೆ. ಗೆಟ್‌ಅಡರ್‌ಇನ್ಫೊ ಕೊಡುವುದು ಒಂದು ವಿಳಾಸವನ್ನಲ್ಲ, ಪ್ರಯತ್ನಿಸಿ ನೋಡಬೇಕಾದ ವಿಳಾಸಗಳ ಪಟ್ಟಿಯನ್ನು, ಅದೂ ಆದ್ಯತೆಯ ಕ್ರಮದಲ್ಲಿ. ಹಳೆಯ ಕೋಡ್‌ನ ಅಭ್ಯಾಸವನ್ನೇ ಇಟ್ಟುಕೊಂಡು ಬರೀ ಫಂಕ್ಷನ್ ಹೆಸರು ಬದಲಿಸಿದರೆ ಹೊಸ ತೊಂದರೆಗಳೇ ಜಾಸ್ತಿ.

ಹಳೆಯದನ್ನು ಬಿಡಬೇಕಾದ್ದು ಏಕೆಂದರೆ, ಗೆಟ್‌ಹೋಸ್ಟ್‌ಬೈನೇಮ್ ಹಿಂತಿರುಗಿಸುವ ಪಾಯಿಂಟರ್ ಲೈಬ್ರರಿಯ ಒಳಗಿನ ಒಂದೇ ಜಾಗವನ್ನು ತೋರಿಸುತ್ತದೆ. ಇನ್ನೊಂದು ಥ್ರೆಡ್ ಅದೇ ಹೊತ್ತಿಗೆ ಕರೆದರೆ ನಿಮ್ಮ ಉತ್ತರದ ಮೇಲೆ ಅದರ ಉತ್ತರ ಬಂದು ಕೂರುತ್ತದೆ. ಐಪಿವಿ6 ವಿಳಾಸವಂತೂ ಅದರಿಂದ ಸಿಗುವುದಿಲ್ಲ. 2001ರ ಪಾಸಿಕ್ಸ್‌ನಲ್ಲಿ (ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡ) ಅದನ್ನು ಹಳತಾದದ್ದು ಎಂದು ಗುರುತಿಸಿ, 2008ರಲ್ಲಿ ತೆಗೆದೇ ಹಾಕಿದರು. ಗೆಟ್‌ಅಡರ್‌ಇನ್ಫೊದ ಈಗಿನ ವಿವರಣೆ 2003ರ ಆರ್‌ಎಫ್‌ಸಿ 3493 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿದೆ.

ಈಗ ಕ್ರಮ. ಯಾವ ಬಗೆಯ ವಿಳಾಸ ಬೇಕೆಂದು ಹೇಳುವ ಹಿಂಟ್ಸ್ ಸ್ಟ್ರಕ್ಚರನ್ನು ಮೊದಲು ಮೆಮ್‌ಸೆಟ್‌ನಿಂದ ಪೂರ್ತಿ ಸೊನ್ನೆ ಮಾಡಿ. ಇದನ್ನು ಬಿಟ್ಟರೆ ಸ್ಟ್ಯಾಕ್‌ನಲ್ಲಿ ಉಳಿದಿದ್ದ ಕಸ ಫ್ಲ್ಯಾಗ್‌ಗಳಾಗಿ ಹೋಗಿ, ಒಮ್ಮೆ ಓಡಿದ್ದು ಇನ್ನೊಮ್ಮೆ ಓಡುವುದಿಲ್ಲ. ಎಐ_ಫ್ಯಾಮಿಲಿಗೆ ಎಎಫ್_ಅನ್‌ಸ್ಪೆಕ್ (ಐಪಿವಿ4, ಐಪಿವಿ6 ಯಾವುದಾದರೂ ಸರಿ), ಎಐ_ಸಾಕ್‌ಟೈಪ್‌ಗೆ ಸಾಕ್_ಸ್ಟ್ರೀಮ್ ಹಾಕಿ. ನಿಮ್ಮ ಮೂರು ಸಲದ ಗುಟ್ಟು ಈ ಎರಡನೆಯದರಲ್ಲಿದೆ: ಸಾಕೆಟ್ ಬಗೆ ಹೇಳದೆ ಬಿಟ್ಟರೆ ಉಬುಂಟು ಥರದ ಲಿನಕ್ಸ್‌ನಲ್ಲಿ ಪ್ರತಿ ವಿಳಾಸವೂ ಸ್ಟ್ರೀಮ್, ಡೇಟಾಗ್ರಾಮ್, ರಾ ಎಂದು ಮೂರು ನಮೂದಾಗಿ ಬರುತ್ತದೆ.

ಆಮೇಲೆ ಪಟ್ಟಿಯನ್ನು ಎಐ_ನೆಕ್ಸ್ಟ್ ಹಿಡಿದು ಕೊನೆತನಕ ನಡೆಯಿರಿ. ಪ್ರತಿ ನಮೂದಿಗೂ ಅದರದೇ ಫ್ಯಾಮಿಲಿ, ಬಗೆ, ಪ್ರೋಟೊಕಾಲ್ ಕೊಟ್ಟು ಹೊಸ ಸಾಕೆಟ್ ತೆರೆಯಿರಿ. ಕನೆಕ್ಟ್ ಆಗದಿದ್ದರೆ ಆ ಸಾಕೆಟ್ ಮುಚ್ಚಿ ಮುಂದಿನದಕ್ಕೆ ಹೋಗಿ. ಸೋತ ಸಾಕೆಟ್‌ನಲ್ಲೇ ಮತ್ತೆ ಕನೆಕ್ಟ್ ಮಾಡಬೇಡಿ, ಆಮೇಲೆ ಅದರ ಸ್ಥಿತಿ ಏನೆಂದು ಪಾಸಿಕ್ಸ್ ಹೇಳುವುದಿಲ್ಲ, ಫ್ಯಾಮಿಲಿ ಬೇರೆಯಾದರೆ ಸಾಧ್ಯವೂ ಇಲ್ಲ. ಸಾಕೆಟ್ ಫಂಕ್ಷನ್ನೇ ವಿಫಲವಾದರೂ ಲೂಪ್ ಮುರಿಯಬೇಡಿ, ಕರ್ನಲ್‌ನಲ್ಲಿ ಐಪಿವಿ6 ಇಲ್ಲದ ಯಂತ್ರದಲ್ಲಿ ಹಾಗಾಗುತ್ತದೆ. ಕನೆಕ್ಟ್‌ಗೆ ಉದ್ದ ಕೊಡುವಾಗ ಎಐ_ಅಡರ್‌ಲೆನ್ ಕೊಡಿ: ಐಪಿವಿ4 ರಚನೆ 16 ಬೈಟ್, ಐಪಿವಿ6ದು 28. ಕೈಯಾರೆ ಬರೆದ ಸೈಜ್‌ಆಫ್ ಇಲ್ಲಿ ಕೆಡಿಸುತ್ತದೆ. ಕೊನೆಯಲ್ಲಿ ಫ್ರೀಅಡರ್‌ಇನ್ಫೊಗೆ ಪಟ್ಟಿಯ ತಲೆಯನ್ನು ಕೊಡಬೇಕು, ನಡೆದು ನಡೆದು ಕೊನೆ ಮುಟ್ಟಿದ ಪಾಯಿಂಟರನ್ನಲ್ಲ.

ಕಣಿವೆ_ಸಿ
ಸಾಕ್‌ಟೈಪ್ ಹಾಕಿದೆ, ಮೂರು ಹೋಗಿ ಒಂದಾಯಿತು, ಧನ್ಯವಾದ. ಪೋರ್ಟ್ ಸಂಖ್ಯೆಗೆ ಎಚ್‌ಟಿಒಎನ್ಎಸ್ (ಬೈಟ್ ಕ್ರಮ ತಿರುಗಿಸುವ ಫಂಕ್ಷನ್) ಮಾಡಬೇಕೆ?

ಬಳ್ಳಿನೆಟ್
ಬೇಡ. ಎರಡನೇ ಆರ್ಗ್ಯುಮೆಂಟ್ ಆಗಿ "8080" ಎಂದು ಸ್ಟ್ರಿಂಗ್ ಕೊಟ್ಟರೆ ನೆಟ್‌ವರ್ಕ್ ಬೈಟ್ ಕ್ರಮದಲ್ಲಿ ಅದೇ ತುಂಬಿಕೊಡುತ್ತದೆ. ಮತ್ತೊಮ್ಮೆ ತಿರುಗಿಸಿದರೆ 8080 ಹೋಗಿ 36895 ಆಗುತ್ತದೆ. ಅಂಕಿಯೇ ಕೊಡುತ್ತೀರಾದರೆ ಎಐ_ನ್ಯೂಮರಿಕ್‌ಸರ್ವ್ ಫ್ಲ್ಯಾಗ್ ಸೇರಿಸಿ, ಸರ್ವೀಸಸ್ ಫೈಲ್ ಹುಡುಕುವ ಕೆಲಸ ತಪ್ಪುತ್ತದೆ.

ತುಂಗಾಪೋರ್ಟ್
ಲೋಕಲ್‌ಹೋಸ್ಟ್ ವಿಚಾರ: ಹೋಸ್ಟ್ಸ್ ಫೈಲ್‌ನಲ್ಲಿ ಆ ಹೆಸರಿಗೆ ಹಲವು ಕಡೆ 127.0.0.1 (ಐಪಿವಿ4) ಮತ್ತು ::1 (ಐಪಿವಿ6) ಎರಡೂ ಇರುತ್ತವೆ. ಗೆಟ್‌ಅಡರ್‌ಇನ್ಫೊ ಆರ್‌ಎಫ್‌ಸಿ 6724ರ ನಿಯಮದಂತೆ ಸಾಲು ಜೋಡಿಸಿ ::1 ಅನ್ನು ಮುಂದಿಡುತ್ತದೆ. ನಿಮ್ಮ ಸರ್ವರ್ 127.0.0.1ರಲ್ಲಿ ಮಾತ್ರ ಕೇಳುತ್ತಿದ್ದರೆ ::1ಕ್ಕೆ ನಿರಾಕರಣೆ ಬರುವುದೇ ಸರಿ. ಲೂಪ್ ಇದ್ದರೆ ಮರುಕ್ಷಣ 127.0.0.1ಕ್ಕೆ ಹೋಗಿ ಕೂಡಿಕೊಳ್ಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. 2021ರಲ್ಲಿ ನೋಡ್.ಜೆಎಸ್ 17 ಬಂದಾಗ ಜನ ಒದ್ದಾಡಿದ್ದೂ ಇದಕ್ಕೇ. ಅಲ್ಲಿಯವರೆಗೆ ಐಪಿವಿ4 ಅನ್ನು ಬೇಕೆಂದೇ ಮುಂದೆ ತರುತ್ತಿದ್ದ ನೋಡ್, ಅಂದಿನಿಂದ ಸಿಸ್ಟಮ್ ಕೊಟ್ಟ ಕ್ರಮವನ್ನೇ ಪಾಲಿಸತೊಡಗಿತು.

ಕ್ರಮವೇ ಬದಲಾಗಬೇಕೆಂದರೆ ಜಿಲಿಬ್‌ಸಿಯಲ್ಲಿ (ಉಬುಂಟು ಬಳಸುವ ಸಿ ಲೈಬ್ರರಿ) /ಇಟಿಸಿ/ಜಿಎಐ.ಕಾನ್ಫ್ ಇದೆ. ಅದು ಇಡೀ ಯಂತ್ರಕ್ಕೆ ಅನ್ವಯವಾಗುತ್ತದೆ ಎನ್ನುವುದನ್ನು ಮಾತ್ರ ಮರೆಯಬೇಡಿ.

ಸರಳಸಾಕೆಟ್
ಇಷ್ಟೆಲ್ಲಾ ಏಕೆ? ಎಐ_ಫ್ಯಾಮಿಲಿಗೆ ಎಎಫ್_ಐನೆಟ್ (ಐಪಿವಿ4 ಮಾತ್ರ) ಹಾಕಿಬಿಡಿ. ಕ್ವಾಡ್-ಎ, ಅಂದರೆ ಐಪಿವಿ6 ವಿಳಾಸ ಕೇಳುವ ಡಿಎನ್‌ಎಸ್ ಪ್ರಶ್ನೆಯೇ ಹೋಗುವುದಿಲ್ಲ. 5 ಸೆಕೆಂಡೂ ಹೋಗುತ್ತದೆ, ಲೋಕಲ್‌ಹೋಸ್ಟೂ ಸರಿಯಾಗುತ್ತದೆ.

ತುಂಗಾಪೋರ್ಟ್
ಒಪ್ಪಲಾರೆ. ಕುಬರ್ನೆಟೀಸ್ ಒಳಗೆ ಐಪಿವಿ4 ಮಾತ್ರ ಇದೆ ಎಂದು ಖಾತ್ರಿಯಿರುವ ಒಳಗಿನ ಸೇವೆಗೆ ಅದು ನಡೆಯುತ್ತದೆ. ಬಳಕೆದಾರರ ಯಂತ್ರದಲ್ಲಿ ಓಡುವ ಕ್ಲೈಂಟ್‌ಗೆ ಅದು ತಪ್ಪು. ನಮ್ಮಲ್ಲಿ ಜಿಯೋ ಥರದ ಮೊಬೈಲ್ ಜಾಲಗಳಲ್ಲಿ ಐಪಿವಿ6 ವ್ಯಾಪಕವಾಗಿದೆ. ಬರೀ ಐಪಿವಿ6 ಇರುವ ಜಾಲದಲ್ಲಿ ಐಪಿವಿ4 ಸರ್ವರನ್ನು ಮುಟ್ಟಲು ಡಿಎನ್‌ಎಸ್64 ಇರುತ್ತದೆ: ಎ ರೆಕಾರ್ಡ್ (ಐಪಿವಿ4 ವಿಳಾಸ) ಮಾತ್ರ ಇರುವ ಹೆಸರಿಗೆ 64:ಎಫ್ಎಫ್9ಬಿ::/96 ಥರದ ಪೂರ್ವಪ್ರತ್ಯಯ ಸೇರಿಸಿ ಕ್ವಾಡ್-ಎ ಹುಟ್ಟಿಸಿಕೊಡುತ್ತದೆ. ನೀವು ಕ್ವಾಡ್-ಎ ಕೇಳದೇ ಇದ್ದರೆ ಆ ದಾರಿಯೇ ಮುಚ್ಚಿತು. ಆಪಲ್ 2016ರ ಜೂನ್‌ನಿಂದ ಆಪ್ ಸ್ಟೋರ್‌ಗೆ ಬರುವ ಆಪ್‌ಗಳು ಐಪಿವಿ6 ಮಾತ್ರ ಇರುವ ಜಾಲದಲ್ಲೂ ನಡೆಯಬೇಕೆಂದು ಕಡ್ಡಾಯ ಮಾಡಿದ್ದೂ ಈ ಕಾರಣಕ್ಕೆ.

ಸರಳಸಾಕೆಟ್
ಕ್ಲೈಂಟ್ ಹೊರಗಿನವರ ಯಂತ್ರಕ್ಕೂ ಹೋಗುತ್ತದೆ ಎಂದಾದರೆ ಸರಿ, ಒಪ್ಪಿದೆ. ಕಂಟೇನರ್ ಒಳಗಿನ ಸೇವೆಗೆ ನನ್ನ ಸಲಹೆ ಹಾಗೇ ಇರಲಿ.

ಹಳೇಬೇರು
ಡಿಗ್ ಬಗ್ಗೆ ಹೇಳಬೇಕು, ತುಂಬಾ ಜನ ಇಲ್ಲಿ ದಾರಿ ತಪ್ಪುತ್ತಾರೆ. ಡಿಗ್ ನೇರ ನೇಮ್‌ಸರ್ವರ್‌ಗೆ ಹೋಗುತ್ತದೆ. ನಿಮ್ಮ ಪ್ರೋಗ್ರಾಮ್ ಹಾಗೆ ಹೋಗುವುದಿಲ್ಲ. ಜಿಲಿಬ್‌ಸಿ ಮೊದಲು /ಇಟಿಸಿ/ಎನ್ಎಸ್‌ಸ್ವಿಚ್.ಕಾನ್ಫ್ ಫೈಲಿನ ಹೋಸ್ಟ್ಸ್ ಸಾಲನ್ನು ಓದಿ, ಅಲ್ಲಿ ಬರೆದ ಕ್ರಮದಲ್ಲಿ ಫೈಲ್ಸ್, ಎಂಡಿಎನ್ಎಸ್ (ಸ್ಥಳೀಯ ಜಾಲದ .ಲೋಕಲ್ ಹೆಸರುಗಳಿಗೆ), ರಿಸಾಲ್ವ್, ಡಿಎನ್‌ಎಸ್ ಹೀಗೆ ಒಂದೊಂದನ್ನೂ ಕೇಳುತ್ತಾ ಹೋಗುತ್ತದೆ. ಡೆಸ್ಕ್‌ಟಾಪ್ ಉಬುಂಟುವಿನಲ್ಲಿ ಎಂಡಿಎನ್ಎಸ್4_ಮಿನಿಮಲ್ ಪಕ್ಕ "ಸಿಗದಿದ್ದರೆ ಅಲ್ಲೇ ನಿಲ್ಲು" ಎಂಬ ಷರತ್ತು ಇರುತ್ತದೆ. ಹಾಗಾಗಿ ಕಚೇರಿಯ ಡಿಎನ್‌ಎಸ್‌ನಲ್ಲಿ ಯಾರಾದರೂ ಪ್ರಿಂಟರ್.ಲೋಕಲ್ ಎಂದು ಹೆಸರಿಟ್ಟಿದ್ದರೆ ಡಿಗ್‌ಗೆ ಸಿಗುತ್ತದೆ, ನಿಮ್ಮ ಪ್ರೋಗ್ರಾಮ್‌ಗೆ ಸಿಗದೇ ಹೋಗಬಹುದು.

ಸರಿಯಾದ ಪರೀಕ್ಷೆ ಗೆಟೆಂಟ್ ಅಹೋಸ್ಟ್ಸ್. ಅದು ಒಳಗೆ ಗೆಟ್‌ಅಡರ್‌ಇನ್ಫೊವನ್ನೇ ಕರೆಯುತ್ತದೆ, ಕ್ರಮವೂ ಅದೇ. ಅಹೋಸ್ಟ್ಸ್, ಬರೀ ಹೋಸ್ಟ್ಸ್ ಅಲ್ಲ, ಬರೀ ಹೋಸ್ಟ್ಸ್ ಹಳೆಯ ಫಂಕ್ಷನ್ ದಾರಿ ಹಿಡಿಯುತ್ತದೆ. ಜೊತೆಗೆ ಇನ್ನೊಂದು ಟರ್ಮಿನಲ್‌ನಲ್ಲಿ ಟಿಸಿಪಿಡಂಪ್ (ಜಾಲದ ಪ್ಯಾಕೆಟ್ ತೋರಿಸುವ ಸಾಧನ) ಇಟ್ಟು ಡಿಎನ್‌ಎಸ್‌ನ 53ನೇ ಪೋರ್ಟ್ ನೋಡಿ. ಯಾವ ಪ್ರಶ್ನೆ ಹೋಯಿತು, ಯಾವುದಕ್ಕೆ ಉತ್ತರ ಬರಲಿಲ್ಲ ಎನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ. ಪ್ಯಾಕೆಟ್ ಹೊರಡಲೇ ಇಲ್ಲವೆಂದರೆ ಎಸ್‌ಟ್ರೇಸ್ ಹಾಕಿ ಯಾವ ಫೈಲ್ ತೆರೆದು ನಿಂತಿತು ಎಂದು ನೋಡಿ.

ಇನ್ನು 5 ಸೆಕೆಂಡು. ಅದು ಆಕಸ್ಮಿಕ ಸಂಖ್ಯೆಯಲ್ಲ. ನೇಮ್‌ಸರ್ವರ್‌ಗಳ ಪಟ್ಟಿ ಇರುವ ರಿಸಾಲ್ವ್.ಕಾನ್ಫ್ ಫೈಲ್‌ನಲ್ಲಿ ಇದರ ಬಗ್ಗೆ ಏನೂ ಬರೆಯದಿದ್ದರೆ ಟೈಮ್‌ಔಟ್ 5, ಅಟೆಂಪ್ಟ್ಸ್ 2. ಅಂದರೆ ಒಂದು ನೇಮ್‌ಸರ್ವರ್ ಸತ್ತಿದ್ದು ಎರಡನೆಯದು ಬದುಕಿದ್ದರೆ ಪ್ರತಿ ಹುಡುಕಾಟಕ್ಕೂ 5 ಸೆಕೆಂಡು ಹೋಗುತ್ತದೆ. ಇರುವ ಒಂದೇ ಸರ್ವರ್ ಸತ್ತಿದ್ದರೆ 10 ಸೆಕೆಂಡು ಕಾಯಿಸಿ ಸೋಲುತ್ತದೆ, ಎರಡೂ ಸತ್ತಿದ್ದರೆ 20. ನೇಮ್‌ಸರ್ವರ್ ಸಾಲು ಮೂರಕ್ಕಿಂತ ಹೆಚ್ಚು ಬರೆದರೆ ಜಿಲಿಬ್‌ಸಿ ಓದುವುದಿಲ್ಲ, ಆದ್ದರಿಂದ ಚೆನ್ನಾಗಿರುವ ಸರ್ವರನ್ನು ನಾಲ್ಕನೇ ಸಾಲಿನಲ್ಲಿ ಹಾಕಿದರೆ ಹಾಕದಂತೆಯೇ.

ಎಲ್ಲ ನೇಮ್‌ಸರ್ವರೂ ಸರಿಯಿದ್ದೂ "ಕೆಲವು ಸಲ 5 ಸೆಕೆಂಡು" ಅಂದರೆ ಬೇರೆ ಕಾರಣ. ಜಿಲಿಬ್‌ಸಿ ಎ ಮತ್ತು ಕ್ವಾಡ್-ಎ ಪ್ರಶ್ನೆಗಳೆರಡನ್ನೂ ಒಂದೇ ಯುಡಿಪಿ ಸಾಕೆಟ್‌ನಿಂದ ಬೆನ್ನುಬೆನ್ನಿಗೆ ಕಳಿಸುತ್ತದೆ. ನಡುವೆ ವಿಳಾಸ ಬದಲಿಸುವ ನ್ಯಾಟ್ ಇದ್ದರೆ, ಕುಬರ್ನೆಟೀಸ್‌ನಲ್ಲಿ ಅದು ಇದ್ದೇ ಇರುತ್ತದೆ ಎನ್ನಿ, ಸಂಪರ್ಕಗಳ ಲೆಕ್ಕವಿಡುವ ಲಿನಕ್ಸ್‌ನ ಕಾನ್‌ಟ್ರ್ಯಾಕ್ ಎರಡಕ್ಕೂ ಒಂದೇ ಕ್ಷಣ ನಮೂದು ಮಾಡಲು ಹೋಗಿ ಒಂದನ್ನು ಬೀಳಿಸಿಬಿಡಬಹುದು. ಒಂದು ಉತ್ತರ ಬಂತು, ಇನ್ನೊಂದಕ್ಕೆ ಲೈಬ್ರರಿ 5 ಸೆಕೆಂಡು ಕಾದು ಕೂರುತ್ತದೆ. ಆಮೇಲೆ ಜಿಲಿಬ್‌ಸಿ ತಾನಾಗಿಯೇ ಒಂದಾದ ಮೇಲೊಂದು ಕಳಿಸುವ ರೀತಿಗೆ ತಿರುಗಿಕೊಳ್ಳುತ್ತದೆ. ಅದಕ್ಕೇ ದಿನಗಟ್ಟಲೆ ಓಡುವ ಡೀಮನ್‌ನಲ್ಲಿ ಮೊದಲ ಸಲ ಮಾತ್ರ ತಡ ಕಾಣುತ್ತದೆ. ಹುಟ್ಟಿ ಸಾಯುವ ಚಿಕ್ಕ ಪ್ರೋಗ್ರಾಮ್‌ಗಳು ಮಾತ್ರ ಮತ್ತೆ ಮತ್ತೆ ಸಿಕ್ಕಿಬೀಳುತ್ತವೆ.

ಪರಿಹಾರ, ರಿಸಾಲ್ವ್.ಕಾನ್ಫ್‌ನ ಆಪ್ಷನ್ಸ್ ಸಾಲಿಗೆ ಸಿಂಗಲ್-ರಿಕ್ವೆಸ್ಟ್-ರೀಓಪನ್ ಸೇರಿಸುವುದು. ಪ್ರತಿ ಪ್ರಶ್ನೆಗೂ ಬೇರೆ ಸಾಕೆಟ್, ಒಂದು ಮುಗಿದ ಮೇಲೆ ಇನ್ನೊಂದು. ಕುಬರ್ನೆಟೀಸ್‌ನ ಪ್ರತಿ ಯಂತ್ರದಲ್ಲೂ ಒಂದು ಡಿಎನ್‌ಎಸ್ ಕ್ಯಾಶ್ ಇಟ್ಟು ನ್ಯಾಟ್ ತಪ್ಪಿಸುವುದು ಇನ್ನೂ ಒಳ್ಳೆಯದು.

ಕಣಿವೆ_ಸಿ
ಟಿಸಿಪಿಡಂಪ್ ಹಾಕಿದಾಗ ಇನ್ನೊಂದು ಕಂಡಿತು. ಹೊರಗಿನ ಒಂದು ಹೆಸರಿಗೆ 8 ಪ್ರಶ್ನೆ ಹೋಗುತ್ತಿವೆ. ಮೊದಲ 6ಕ್ಕೆ "ಅಂಥ ಹೆಸರಿಲ್ಲ" ಎಂಬ ಉತ್ತರ.

ಹಳೇಬೇರು
ಅದು ಎನ್‌ಡಾಟ್ಸ್. ಕುಬರ್ನೆಟೀಸ್ ಪಾಡ್‌ನ (ಕಂಟೇನರ್ ಓಡುವ ಘಟಕ) ರಿಸಾಲ್ವ್.ಕಾನ್ಫ್‌ನಲ್ಲಿ ಎನ್‌ಡಾಟ್ಸ್ 5 ಎಂದು ಬರೆಯುತ್ತದೆ, ಸರ್ಚ್ ಸಾಲಿನಲ್ಲಿ ಮೂರು ಡೊಮೈನ್. ಹೆಸರಿನಲ್ಲಿ ಐದಕ್ಕಿಂತ ಕಡಿಮೆ ಚುಕ್ಕೆ ಇದ್ದರೆ ಮೊದಲು ಆ ಮೂರನ್ನೂ ಬಾಲಕ್ಕೆ ಅಂಟಿಸಿ ಕೇಳುತ್ತದೆ. ಮೂರು ಸಲ ಎ, ಮೂರು ಸಲ ಕ್ವಾಡ್-ಎ, ಆರು ವ್ಯರ್ಥ, ಕೊನೆಗೆ ನಿಜವಾದ ಎರಡು. ಹೆಸರಿನ ಕೊನೆಗೆ ಒಂದು ಚುಕ್ಕೆ ಇಟ್ಟರೆ ಪೂರ್ಣ ಹೆಸರು ಎಂದಾಗಿ ನೇರ ಎರಡೇ ಪ್ರಶ್ನೆ ಹೋಗುತ್ತವೆ. ಆದರೆ ಆ ಚುಕ್ಕೆಯನ್ನು ಗೆಟ್‌ಅಡರ್‌ಇನ್ಫೊಗೆ ಮಾತ್ರ ಕೊಡಿ. ಟಿಎಲ್ಎಸ್‌ನಲ್ಲಿ ಸರ್ವರ್ ಹೆಸರು ಹೇಳುವಾಗ, ಸರ್ಟಿಫಿಕೇಟ್ ತಾಳೆ ನೋಡುವಾಗ ತೆಗೆದುಬಿಡಬೇಕು, ಇಲ್ಲದಿದ್ದರೆ ಕೆಲವು ಸರ್ವರ್‌ಗಳು ಒಪ್ಪುವುದಿಲ್ಲ. ಪಾಡ್ ವಿವರಣೆಯಲ್ಲಿ ಡಿಎನ್‌ಎಸ್‌ಕಾನ್ಫಿಗ್ ಕೆಳಗೆ ಎನ್‌ಡಾಟ್ಸ್ 1 ಅಥವಾ 2 ಮಾಡಬಹುದು. ಬೇರೆ ನೇಮ್‌ಸ್ಪೇಸ್‌ನ ಸೇವೆಗಳನ್ನು ಚಿಕ್ಕ ಹೆಸರಿನಲ್ಲಿ ಕರೆಯುತ್ತಿದ್ದರೆ 1 ಬೇಡ: "ಸೇವೆ.ನೇಮ್‌ಸ್ಪೇಸ್" ಎಂಬುದರಲ್ಲೇ ಒಂದು ಚುಕ್ಕೆ ಇರುವುದರಿಂದ ಅದು ಮೊದಲು ಹೊರಗೆ ಹೋಗಿ ಕೇಳುತ್ತದೆ.

ಮಸ್ಲ್‌ಮಿತ್ರ
ಆಲ್ಪೈನ್ ಅಂದಿದ್ದೀರಿ. ಮೇಲೆ ಹೇಳಿದ್ದರಲ್ಲಿ ಅರ್ಧ ಅಲ್ಲಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅಲ್ಲಿರುವುದು ಜಿಲಿಬ್‌ಸಿ ಅಲ್ಲ, ಮಸ್ಲ್ ಎಂಬ ಬೇರೆ ಸಿ ಲೈಬ್ರರಿ. ಮಸ್ಲ್ ಎನ್ಎಸ್‌ಸ್ವಿಚ್ ಓದುವುದೇ ಇಲ್ಲ, ಹೋಸ್ಟ್ಸ್ ಫೈಲ್ ನೋಡಿ ನೇರ ಡಿಎನ್‌ಎಸ್‌ಗೆ ಹೋಗುತ್ತದೆ. ಸಿಂಗಲ್-ರಿಕ್ವೆಸ್ಟ್ ಬಗೆಯ ಆಪ್ಷನ್‌ಗಳಿಗೆ ಅಲ್ಲಿ ಬೆಲೆಯಿಲ್ಲ. ರಿಸಾಲ್ವ್.ಕಾನ್ಫ್‌ನ ಎಲ್ಲ ನೇಮ್‌ಸರ್ವರ್‌ಗೂ ಒಟ್ಟಿಗೇ ಕೇಳಿ, ಮೊದಲು ಬಂದ ಉತ್ತರವನ್ನು ಹಿಡಿಯುತ್ತದೆ. ಕಚೇರಿಯ ಒಳಗಿನ ಹೆಸರು ಗೊತ್ತಿರುವ ಸರ್ವರ್ ಒಂದು, 8.8.8.8 ಇನ್ನೊಂದು ಎಂದು ಬರೆದಿದ್ದರೆ, ಹೊರಗಿನದು ಮೊದಲು "ಇಲ್ಲ" ಅಂದಾಗ ಅದೇ ಅಂತಿಮ. ಅಂಥ ಮಿಶ್ರ ಪಟ್ಟಿ ಮಸ್ಲ್‌ಗೆ ಕೊಡಬಾರದು.

ಇನ್ನೊಂದು ಮುಖ್ಯ ಸಂಗತಿ. 512 ಬೈಟ್‌ಗಿಂತ ದೊಡ್ಡ ಉತ್ತರವನ್ನು ಸಾದಾ ಯುಡಿಪಿಯಲ್ಲಿ ಸರ್ವರ್ ಕತ್ತರಿಸಿ, ಟಿಸಿಪಿಯಲ್ಲಿ ಬಾ ಎಂದು ಸೂಚಿಸುತ್ತದೆ. ಮಸ್ಲ್‌ಗೆ ಟಿಸಿಪಿಗೆ ಹೋಗುವ ಶಕ್ತಿ ಬಂದದ್ದು 2023ರ 1.2.4ರಲ್ಲಿ, ಅಂದರೆ ಆಲ್ಪೈನ್ 3.18ರಿಂದ. ಅದಕ್ಕಿಂತ ಹಳೆಯ ಇಮೇಜ್ ಆಗಿದ್ದು, ಹತ್ತಾರು ವಿಳಾಸವಿರುವ ಹೆಸರು ಮಾತ್ರ ಸಿಗುತ್ತಿಲ್ಲವೆಂದರೆ ಇಮೇಜ್ ಬದಲಿಸಿ, ಕೋಡ್ ಮುಟ್ಟಬೇಡಿ. ಜಿಲಿಬ್‌ಸಿ ಟಿಸಿಪಿಗೆ ಹೋಗುತ್ತದೆ, ಆದರೆ ಫೈರ್‌ವಾಲ್‌ನಲ್ಲಿ 53ನೇ ಪೋರ್ಟನ್ನು ಯುಡಿಪಿಗೆ ಮಾತ್ರ ತೆರೆದಿಟ್ಟಿದ್ದರೆ ಅಲ್ಲೂ ಅದೇ ಗತಿ.

ಆಲ್ಪೈನ್‌ನಲ್ಲಿ ಓಡಲಿ ಎಂದು ಜಿಲಿಬ್‌ಸಿಯನ್ನೇ ಸ್ಟ್ಯಾಟಿಕ್ ಆಗಿ ಲಿಂಕ್ ಮಾಡುವವರಿದ್ದಾರೆ. ಗೆಟ್‌ಅಡರ್‌ಇನ್ಫೊ ಇದ್ದರೆ ಲಿಂಕರ್ ಎಚ್ಚರಿಕೆ ಕೊಡುತ್ತದೆ, ಅದನ್ನು ಕಡೆಗಣಿಸಬೇಡಿ. ಹೆಸರು ಹುಡುಕುವ ಮಾಡ್ಯೂಲ್‌ಗಳು ಓಡುವಾಗ ಡೈನಾಮಿಕ್ ಆಗಿ ಲೋಡ್ ಆಗುವಂಥವು, ಅದೇ ಆವೃತ್ತಿಯ ಜಿಲಿಬ್‌ಸಿ ಫೈಲ್‌ಗಳು ಆ ಯಂತ್ರದಲ್ಲಿ ಬೇಕಾಗುತ್ತವೆ. ಸ್ಟ್ಯಾಟಿಕ್ ಬೇಕೇ ಬೇಕೆಂದರೆ ಮಸ್ಲ್ ಮೇಲೆಯೇ ಕಟ್ಟಿ.

ಕಣಿವೆ_ಸಿ
ದೋಷ ಬಂದಾಗ ಪೆರರ್ (ಎರ್‌ನೋ ಎಂಬ ವೇರಿಯಬಲ್‌ನಲ್ಲಿರುವ ದೋಷ ಮುದ್ರಿಸುವ ಫಂಕ್ಷನ್) ಹಾಕಿದರೆ "ಸಕ್ಸೆಸ್" ಎಂದು ಬರುತ್ತದೆ!

ಬಳ್ಳಿನೆಟ್
ಗೆಟ್‌ಅಡರ್‌ಇನ್ಫೊ ದೋಷವನ್ನು ಎರ್‌ನೋದಲ್ಲಿ ಇಡುವುದಿಲ್ಲ, ಹಿಂತಿರುಗಿಸುವ ಸಂಖ್ಯೆಯಲ್ಲೇ ಕೊಡುತ್ತದೆ. ಅದನ್ನು ಜಿಎಐ_ಸ್ಟ್ರ್‌ಎರರ್‌ಗೆ ಕೊಟ್ಟು ಸಂದೇಶ ಪಡೆಯಿರಿ. ಇಎಐ_ಸಿಸ್ಟಮ್ ಬಂದಾಗ ಮಾತ್ರ ಎರ್‌ನೋ ನೋಡಬೇಕು.

ಇಎಐ_ಎಗೇನ್, ಜಿಲಿಬ್‌ಸಿಯಲ್ಲಿ ಮೈನಸ್ 3: ನೇಮ್‌ಸರ್ವರ್ ಕೈಗೆ ಸಿಗಲಿಲ್ಲ, ಇಲ್ಲವೇ ತಾತ್ಕಾಲಿಕವಾಗಿ ಸೋತಿತು. ಮತ್ತೆ ಪ್ರಯತ್ನಿಸಬೇಕಾದ್ದು ಇದಕ್ಕೊಂದಕ್ಕೇ, ಅದೂ ಪ್ರತಿ ಸಲ ಅಂತರ ಹೆಚ್ಚಿಸುತ್ತಾ. ಕಂಟೇನರ್ ಎದ್ದ ಕೂಡಲೇ ಇದು ಬಂದರೆ ಮೊದಲು ರಿಸಾಲ್ವ್.ಕಾನ್ಫ್ ಒಳಗೆ ಏನಿದೆ ನೋಡಿ. ಇಎಐ_ನೋನೇಮ್, ಮೈನಸ್ 2: ಹೆಸರೇ ಇಲ್ಲ, ಬಡಿದಾಡಿ ಫಲವಿಲ್ಲ. ಹೆಸರಿದ್ದು ಕೇಳಿದ ಬಗೆಯ ವಿಳಾಸ ಇಲ್ಲದಿದ್ದರೆ ಜಿಲಿಬ್‌ಸಿ ಮೈನಸ್ 5 ಕೊಡುತ್ತದೆ. ಕೋಡ್‌ನಲ್ಲಿ ಈ ಅಂಕಿಗಳನ್ನು ಬರೆಯಬೇಡಿ, ಹೆಸರನ್ನೇ ಬಳಸಿ. ಮ್ಯಾಕ್‌ನಲ್ಲಿ ನೋನೇಮ್ ಎಂದರೆ ಪ್ಲಸ್ 8, ವಿಂಡೋಸ್‌ನಲ್ಲಿ 11001. ವಿಂಡೋಸ್‌ನಲ್ಲಿ ಮೊದಲು ಡಬ್ಲ್ಯುಎಸ್‌ಎ‌ಸ್ಟಾರ್ಟಪ್ ಕರೆಯದಿದ್ದರೆ ಯಾವ ಹೆಸರೂ ಸಿಗುವುದಿಲ್ಲ.

ಎಳೆಗಾರ
ಈ ಕರೆಗೆ ಟೈಮ್‌ಔಟ್ ಕೊಡುವ ದಾರಿ ಇದೆಯೇ? ನಾನ್‌ಬ್ಲಾಕಿಂಗ್ ಸಾಕೆಟ್ ಇದ್ದರೂ ಹೆಸರು ಹುಡುಕುವಾಗ ಇಡೀ ಇವೆಂಟ್ ಲೂಪ್ ನಿಲ್ಲುತ್ತದೆ.

ಹಳೇಬೇರು
ಇಲ್ಲ. ಸಾಕೆಟ್ ಇನ್ನೂ ಹುಟ್ಟಿರುವುದೇ ಇಲ್ಲ, ಅದರ ನಾನ್‌ಬ್ಲಾಕಿಂಗ್ ಗುಣ ಇಲ್ಲಿ ಲೆಕ್ಕಕ್ಕಿಲ್ಲ. ಅಲಾರಂ ಸಿಗ್ನಲ್ ಹಾಕಿ ಲಾಂಗ್‌ಜಂಪ್‌ನಿಂದ ಹಾರಿ ಬರುವ ಹಳೆಯ ಉಪಾಯ ಅಪಾಯ, ಒಳಗೆ ಲೈಬ್ರರಿ ಲಾಕ್ ಹಿಡಿದಿದ್ದರೆ ಮುಂದಿನ ಕರೆ ಅಲ್ಲೇ ಸತ್ತಂತೆ ನಿಲ್ಲುತ್ತದೆ. ದಾರಿ ಎರಡು: ಬೇರೆ ಥ್ರೆಡ್‌ನಲ್ಲಿ ಕರೆದು, ಕಾಯುವವರು ತಮ್ಮ ಅವಧಿ ಮುಗಿದಾಗ ಮುಂದೆ ಹೋಗುವುದು, ಥ್ರೆಡ್ ತನ್ನಷ್ಟಕ್ಕೆ ಮುಗಿದು ಪಟ್ಟಿಯನ್ನು ಬಿಡುಗಡೆ ಮಾಡಲಿ. ಇಲ್ಲವೇ ಸಿ-ಆರೆಸ್ ಥರದ ಅಸಿಂಕ್ರೋನಸ್ ಲೈಬ್ರರಿ. ಎರಡನೆಯದು ವೇಗ, ಆದರೆ ಡಿಎನ್‌ಎಸ್ ಪ್ರಶ್ನೆಗಳನ್ನು ತಾನೇ ಕಳಿಸುವುದರಿಂದ ಎನ್ಎಸ್‌ಸ್ವಿಚ್‌ನ ಮಾಡ್ಯೂಲ್‌ಗಳು ಕೈತಪ್ಪುತ್ತವೆ.

ಥ್ರೆಡ್ ಪೂಲ್ ಮಾಡಿದರೆ ಅದರ ಅಳತೆ ಗಮನಿಸಿ. ನೋಡ್‌ನ ಡಿಎನ್‌ಎಸ್.ಲುಕಪ್ ಹೀಗೇ ಮಾಡುತ್ತದೆ, ಪೂಲ್‌ನಲ್ಲಿ ಮೊದಲಿಗೆ ಇರುವುದು 4 ಥ್ರೆಡ್. ಸತ್ತ ನೇಮ್‌ಸರ್ವರ್‌ನಿಂದ ನಾಲ್ಕೂ 10 ಸೆಕೆಂಡು ಸಿಕ್ಕಿಕೊಂಡರೆ ಅದೇ ಪೂಲ್ ಬಳಸುವ ಫೈಲ್ ಓದುವ ಕೆಲಸವೂ ಸಾಲಿನಲ್ಲಿ ನಿಲ್ಲುತ್ತದೆ.

ಕ್ಯಾಶ್ ಬಗ್ಗೆಯೂ ಒಂದು ಮಾತು: ಗೆಟ್‌ಅಡರ್‌ಇನ್ಫೊ ಟಿಟಿಎಲ್ ಹಿಂತಿರುಗಿಸುವುದಿಲ್ಲ. ಉತ್ತರ ಎಷ್ಟು ಹೊತ್ತು ನಂಬಬಹುದು ಎಂಬುದು ನಿಮ್ಮ ಪ್ರೋಗ್ರಾಮ್‌ಗೆ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ಪಟ್ಟಿಯನ್ನು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಬೇಡಿ, ಸಂಪರ್ಕ ಕಡಿದಾಗಲೆಲ್ಲ ಮತ್ತೆ ಕೇಳಿ. ಕ್ಯಾಶ್ ಬೇಕಾದರೆ ಸಿಸ್ಟಮ್‌ಡಿ-ರಿಸಾಲ್ವ್ಡ್ ಅಥವಾ ಅನ್‌ಬೌಂಡ್ ಆ ಯಂತ್ರದಲ್ಲಿ ಓಡಲಿ, ಟಿಟಿಎಲ್ ಲೆಕ್ಕ ಅದಕ್ಕೆ ಗೊತ್ತು.

ಎಳೆಗಾರ
ಪಟ್ಟಿಯ ಮೊದಲ ವಿಳಾಸ ನಿರಾಕರಿಸದೆ ಸುಮ್ಮನೆ ಮೌನವಾಗಿದ್ದರೆ? ಕನೆಕ್ಟ್ ಎರಡು ನಿಮಿಷಕ್ಕೂ ಹೆಚ್ಚು ಕಾಯುತ್ತದಲ್ಲ.

ತುಂಗಾಪೋರ್ಟ್
ಅದಕ್ಕೇ ಆರ್‌ಎಫ್‌ಸಿ 8305ರ ವಿಧಾನ, ಹ್ಯಾಪಿ ಐಬಾಲ್ಸ್. ಮೊದಲ ವಿಳಾಸಕ್ಕೆ ನಾನ್‌ಬ್ಲಾಕಿಂಗ್ ಕನೆಕ್ಟ್ ಶುರು ಮಾಡಿ, 250 ಮಿಲಿಸೆಕೆಂಡಿನಲ್ಲಿ ಆಗದಿದ್ದರೆ ಅದನ್ನು ಬಿಡದೆಯೇ ಎರಡನೆಯದನ್ನೂ ಶುರು ಮಾಡಿ. ಮೊದಲು ಕೂಡಿದ್ದನ್ನು ಇಟ್ಟುಕೊಂಡು ಉಳಿದವನ್ನು ಮುಚ್ಚಿ. ಐಪಿವಿ6 ಒಂದು, ಐಪಿವಿ4 ಒಂದು ಹೀಗೆ ಹೆಣೆದು ಪ್ರಯತ್ನಿಸಬೇಕು, ಇಲ್ಲದಿದ್ದರೆ ನಾಲ್ಕು ಸತ್ತ ಐಪಿವಿ6 ಆದ ಮೇಲೇ ಐಪಿವಿ4ಕ್ಕೆ ಸರದಿ. ಇಷ್ಟು ಬೇಡವೆಂದರೆ ಕೊನೆಪಕ್ಷ ಪ್ರತಿ ಕನೆಕ್ಟ್‌ಗೂ ಪೋಲ್ ಬಳಸಿ 2–3 ಸೆಕೆಂಡಿನ ಮಿತಿ ಇಡಿ.

ಅಕ್ಷರಜಾಲ
ಕನ್ನಡದ .ಭಾರತ ಹೆಸರನ್ನು ಹಾಗೇ ಕೊಟ್ಟರೆ ಗೆಟ್‌ಅಡರ್‌ಇನ್ಫೊ ಹುಡುಕುತ್ತದೆಯೇ ಎಂದು ಕೇಳುವವರಿಗಾಗಿ ಇದನ್ನೂ ಸೇರಿಸುತ್ತೇನೆ. ಹಾಗೇ ಕೊಟ್ಟರೆ ಆಗದು. ಡಿಎನ್‌ಎಸ್‌ನಲ್ಲಿ ಇರುವುದು ಎಕ್ಸ್‌ಎನ್ ಎಂದು ಶುರುವಾಗುವ ಪ್ಯುನಿಕೋಡ್ ರೂಪ. ಜಿಲಿಬ್‌ಸಿಯಲ್ಲಿ ಎಐ_ಐಡಿಎನ್ ಫ್ಲ್ಯಾಗ್ ಹಾಕಿದರೆ ಅದೇ ಬದಲಿಸಿಕೊಳ್ಳುತ್ತದೆ, ಎರಡು ಷರತ್ತು: ಪ್ರೋಗ್ರಾಮ್ ಶುರುವಿನಲ್ಲಿ ಸೆಟ್‌ಲೋಕೇಲ್ ಕರೆದು ಯುಟಿಎಫ್-8 ಲೋಕೇಲ್‌ನಲ್ಲಿರಬೇಕು, ಮತ್ತು 2018ರ 2.28ನೇ ಆವೃತ್ತಿಯಿಂದ ಲಿಬ್‌ಐಡಿಎನ್2 ಆ ಯಂತ್ರದಲ್ಲಿ ಇರಬೇಕು. ಇದು ಜಿಲಿಬ್‌ಸಿಯ ಸ್ವಂತ ವಿಸ್ತರಣೆ. ಆಲ್ಪೈನ್‌ಗೂ ಆಗಬೇಕಾದರೆ ನೀವೇ ಲಿಬ್‌ಐಡಿಎನ್2 ಕರೆದು, ಬದಲಿಸಿದ ರೂಪವನ್ನು ಕೊಡಿ.

ಕನ್ನಡಕ್ಕೆ ವಿಶೇಷವಾದ ಎರಡು ಎಚ್ಚರಿಕೆಗಳಿವೆ. "ಕೊ" ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ, ಎತ್ವ ಮತ್ತು ಊತ್ವ ಎರಡು ಚಿಹ್ನೆಗಳಾಗಿಯೂ ಟೈಪಿಸಬಹುದು. ಕಣ್ಣಿಗೆ ಒಂದೇ, ಬೈಟ್‌ಗಳು ಬೇರೆ. ಆದ್ದರಿಂದ ಮೊದಲು ಎನ್‌ಎಫ್‌ಸಿಗೆ (ಯೂನಿಕೋಡ್‌ನ ಏಕರೂಪಕ್ಕೆ) ತನ್ನಿ. ಎರಡನೆಯದು "ಸಾಫ್ಟ್‌ವೇರ್" ಪದದ ನಡುವೆ ಇರುವ ಕಣ್ಣಿಗೆ ಕಾಣದ ಜಡ್‌ಡಬ್ಲ್ಯುಎನ್‌ಜೆ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಗುರುತು). 2003ರ ಐಡಿಎನ್ಎ (ಇಂಗ್ಲಿಷೇತರ ಲಿಪಿಯ ಡೊಮೈನ್ ಹೆಸರುಗಳ) ನಿಯಮ ಅದನ್ನು ಅಳಿಸಿಬಿಡುತ್ತದೆ, 2008ರ ನಿಯಮ ಹಲಂತದ ನಂತರ ಬಂದರೆ ಉಳಿಸಿಕೊಳ್ಳುತ್ತದೆ. ಅಂದರೆ ಒಂದೇ ಹೆಸರು ಎರಡು ಲೈಬ್ರರಿಗಳಲ್ಲಿ ಎರಡು ಬೇರೆ ಪ್ಯುನಿಕೋಡ್ ಆಗಬಹುದು. ಹೆಸರು ಆರಿಸುವಾಗಲೇ ಅದು ಬರದಂಥ ಪದ ಆರಿಸಿದರೆ ಒಳ್ಳೆಯದು. ಒಂದು ಲೇಬಲ್‌ಗೆ 63 ಬೈಟ್ ಎಂಬ ಮಿತಿ ಪ್ಯುನಿಕೋಡ್ ರೂಪಕ್ಕೆ ಅನ್ವಯಿಸುತ್ತದೆ.

ಕಣಿವೆ_ಸಿ
ಲೂಪ್, ಸಾಕ್‌ಟೈಪ್, ಎನ್‌ಡಾಟ್ಸ್ 2, ಇಷ್ಟರಿಂದ ಕ್ಲೈಂಟ್ ಸರಿಯಾಯಿತು. ಸರ್ವರ್ ಬದಿಗೂ ಇದೇ ಫಂಕ್ಷನ್ ಸಾಕೇ?

ಬಳ್ಳಿನೆಟ್
ಸಾಕು. ಹೋಸ್ಟ್ ಹೆಸರಿನ ಜಾಗದಲ್ಲಿ ನಲ್, ಫ್ಲ್ಯಾಗ್‌ನಲ್ಲಿ ಎಐ_ಪ್ಯಾಸಿವ್. 0.0.0.0 ಮತ್ತು :: ಎರಡೂ ಪಟ್ಟಿಯಲ್ಲಿ ಬರುತ್ತವೆ. ಇಲ್ಲೂ ಮೊದಲನೆಯದಕ್ಕೆ ಬೈಂಡ್ ಮಾಡಿ ನಿಲ್ಲಬೇಡಿ, ಎರಡಕ್ಕೂ ಬೇರೆ ಬೇರೆ ಸಾಕೆಟ್ ತೆರೆಯಿರಿ. ಐಪಿವಿ6 ಸಾಕೆಟ್‌ಗೆ ಬೈಂಡ್‌ಗೆ ಮೊದಲೇ ಐಪಿವಿ6_ವಿ6ಓನ್ಲಿ 1 ಮಾಡಿ. ಮಾಡದಿದ್ದರೆ ಲಿನಕ್ಸ್‌ನಲ್ಲಿ :: ಸಾಕೆಟ್ ಐಪಿವಿ4 ಅನ್ನೂ ತಾನೇ ಹಿಡಿಯಲು ಹೋಗಿ, ಎರಡನೇ ಬೈಂಡ್‌ಗೆ "ವಿಳಾಸ ಬಳಕೆಯಲ್ಲಿದೆ" ಎಂಬ ದೋಷ ಬರುತ್ತದೆ. ಬಂದ ಕ್ಲೈಂಟ್‌ನ ವಿಳಾಸ ಲಾಗ್‌ಗೆ ಬರೆಯುವಾಗ ಗೆಟ್‌ನೇಮ್‌ಇನ್ಫೊ ಬಳಸಿ, ಎನ್ಐ_ನ್ಯೂಮರಿಕ್‌ಹೋಸ್ಟ್ ಫ್ಲ್ಯಾಗ್ ಕಡ್ಡಾಯ. ಅದಿಲ್ಲದಿದ್ದರೆ ಪ್ರತಿ ಸಂಪರ್ಕಕ್ಕೂ ಹಿಮ್ಮುಖ ಡಿಎನ್‌ಎಸ್ ಹುಡುಕಾಟ ಶುರುವಾಗಿ, ಕ್ಲೈಂಟ್‌ನಲ್ಲಿ ಕಳೆದುಕೊಂಡ 5 ಸೆಕೆಂಡು ಸರ್ವರ್‌ನ ಆಕ್ಸೆಪ್ಟ್ ಲೂಪ್‌ನಲ್ಲಿ ಪ್ರತ್ಯಕ್ಷವಾಗುತ್ತದೆ.